ಕಿರೀಟ ಟಿಟ್ಟಿಭ: ಆಫ್ರಿಕಾದ ಬಯಲಿನ ಹಕ್ಕಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೀನ್ಯಾ, ತಾಂಜಾನಿಯಾ ಕಡೆ ಸಫಾರಿಗೆ ಹೋಗಿ ಬಂದ ಗೆಳೆಯರು ಸಿಂಹ, ಆನೆಗಳ ಫೋಟೋ ಜೊತೆಗೆ ಒಂದು ಕೆಂಪು ಕಾಲಿನ ಹಕ್ಕಿಯ ಫೋಟೋ ಕಳಿಸುತ್ತಾರೆ. "ಇದು ನಮ್ಮೂರ ಟಿಟ್ಟಿಭ ಅಲ್ವಾ?" ಅಂತ ಕೇಳುತ್ತಾರೆ. ಅಲ್ಲಿಂದ ಮಾತು ಶುರುವಾಗಿ ಎಲ್ಲೆಲ್ಲಿಗೋ ಹೋಗುತ್ತದೆ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲ ಪರಿಚಯ

ಮಸಾಯಿ ಮಾರಾದಲ್ಲಿ ನಮ್ಮ ಟಿಟ್ಟಿಭದ ಥರಾನೇ ಒಂದು ಹಕ್ಕಿ ಕಂಡೆ. ತಲೆ ಮೇಲೆ ಬಿಳಿ ಬಳೆ ಇತ್ತು. ಅದ್ಯಾವುದು?

ಅದೇ ಕಿರೀಟ ಟಿಟ್ಟಿಭ. ಕಪ್ಪು ನೆತ್ತಿಯ ಸುತ್ತ ಬಿಳಿ ಉಂಗುರ ಇದ್ದರೆ ಬೇರೆ ಯೋಚನೆ ಬೇಡ. ನೀರಿನ ಕೊಡ ಹೊರುವಾಗ ತಲೆಗೆ ಸಿಂಬೆ ಇಟ್ಟುಕೊಳ್ಳುತ್ತಾರಲ್ಲ, ಹಾಗೆ ಕಾಣುತ್ತದೆ. ಬಿಳಿ ಬಟ್ಟೆಯ ಸಿಂಬೆ, ನಡುವೆ ಕಪ್ಪು ನೆತ್ತಿ. ಬಿಳಿ ಉಂಗುರದ ಕೆಳಗೆ ಹಣೆಯಿಂದ ಹಿಂದಕ್ಕೆ ಇನ್ನೊಂದು ಕಪ್ಪು ಪಟ್ಟಿ ಇರುತ್ತದೆ.

ಬೆನ್ನು, ಕತ್ತು, ಎದೆ ಒಣಗಿದ ಮಣ್ಣಿನ ಕಂದು ಬಣ್ಣ. ಎದೆಯ ಕಂದು ಮುಗಿದು ಹೊಟ್ಟೆಯ ಬಿಳಿ ಶುರುವಾಗುವ ಕಡೆ ಒಂದು ಕಪ್ಪು ಗೆರೆ. ಕಾಲು ಕೆಂಪು, ಉದ್ದ. ಕೊಕ್ಕು ಕೆಂಪು, ತುದಿ ಮಾತ್ರ ಕಪ್ಪು. ಕಣ್ಣು ಹಳದಿ. ಉದ್ದ ಸುಮಾರು 30 ಸೆಂಟಿಮೀಟರ್, ತೂಕ 150ರಿಂದ 200 ಗ್ರಾಂ. ನಮ್ಮ ಕೆಂಪು ಟಿಟ್ಟಿಭಕ್ಕೆ ಕಣ್ಣಿನ ಮುಂದೆ ಕೆಂಪು ಚರ್ಮ ಜೋತಾಡುತ್ತದೆ. ಇದರ ಮುಖದಲ್ಲಿ ಅಂಥದ್ದೇನೂ ಇಲ್ಲ.

ಕನ್ನಡದಲ್ಲಿ ಇದಕ್ಕೆ ಹೆಸರಿದೆಯಾ? ಹಳೇ ಪುಸ್ತಕದಲ್ಲಿ ಪ್ಲವರ್ ಅಂತಿದೆ, ಈಗ ಲ್ಯಾಪ್‌ವಿಂಗ್ ಅಂತಾರೆ. ಯಾವುದು ಸರಿ?

ನಮ್ಮ ನೆಲದ ಹಕ್ಕಿ ಅಲ್ಲ, ಹಾಗಾಗಿ ಜನರ ಬಾಯಲ್ಲಿ ಬೆಳೆದ ಕನ್ನಡ ಹೆಸರಿಲ್ಲ. ಅದರ ಲ್ಯಾಟಿನ್ ಹೆಸರು ವೆನೆಲ್ಲಸ್ ಕೊರೊನೇಟಸ್. ಕೊರೊನೇಟಸ್ ಅಂದರೆ ಕಿರೀಟ ತೊಟ್ಟದ್ದು. ಅದಕ್ಕೇ ನಾನು ಕಿರೀಟ ಟಿಟ್ಟಿಭ ಅಂತ ಕರೆಯುತ್ತೇನೆ.

ಪ್ಲವರ್, ಲ್ಯಾಪ್‌ವಿಂಗ್ ಎರಡೂ ಒಂದೇ ಹಕ್ಕಿ. ಹಳೆಯ ಪುಸ್ತಕಗಳಲ್ಲಿ ಕ್ರೌನ್ಡ್ ಪ್ಲವರ್, ಈಗಿನವುಗಳಲ್ಲಿ ಕ್ರೌನ್ಡ್ ಲ್ಯಾಪ್‌ವಿಂಗ್. ದಕ್ಷಿಣ ಆಫ್ರಿಕಾದ ಆಫ್ರಿಕಾನ್ಸ್ ಭಾಷೆಯಲ್ಲಿ ಕ್ರೂನ್‌ಕಿವೀಟ್ ಅನ್ನುತ್ತಾರೆ. ಕ್ರೂನ್ ಅಂದರೆ ಕಿರೀಟ. ಕಿವೀಟ್ ಅನ್ನುವುದು ಅದರ ಕೂಗಿನಿಂದಲೇ ಬಂದದ್ದು, ನಮ್ಮ ಟಿಟ್ಟಿಭ ಅನ್ನುವ ಹೆಸರಿನ ಹಾಗೇ.

ವೆನೆಲ್ಲಸ್ ಅನ್ನುವ ಹೆಸರು ನನಗೆ ಬಹಳ ಇಷ್ಟ. ಅದು ಲ್ಯಾಟಿನ್ನಿನ ಮೊರದ ಹೆಸರಿನಿಂದ ಬಂದದ್ದು. ಕಾಳು ಕೇರುವ ಮೊರ! ಈ ಬಳಗದ ಹಕ್ಕಿಗಳು ಅಗಲ ರೆಕ್ಕೆಯನ್ನು ನಿಧಾನವಾಗಿ ಬಡಿಯುತ್ತಾ ಹಾರುವುದನ್ನು ಒಮ್ಮೆ ನೋಡಿ. ಕಣದಲ್ಲಿ ಮೊರ ಮೇಲೆ ಕೆಳಗೆ ಆಡಿದ ಹಾಗೇ ಇರುತ್ತದೆ.

ನೀರಿನಲ್ಲಿ ನಡೆಯುವ ಹಕ್ಕಿಗಳ ಗುಂಪಿಗೆ ಸೇರಿಸ್ತೀರಿ, ಆದರೆ ಇದು ಇರೋದು ಒಣ ಬಯಲಲ್ಲಿ. ಇದೇನು ವಿಚಿತ್ರ?

ಗುಂಪು ಮಾಡುವುದು ನೆಂಟಸ್ತಿಕೆ ನೋಡಿ, ಮನೆ ನೋಡಿ ಅಲ್ಲ. ಉಲ್ಲಂಕಿ, ಗೊರವ, ಪ್ಲವರ್‌ಗಳೆಲ್ಲ ಒಂದೇ ದೊಡ್ಡ ಬಳಗ. ಇವುಗಳಲ್ಲಿ ಹೆಚ್ಚಿನವು ಕೆರೆ ಅಂಚಿನ ಕೆಸರಲ್ಲಿ, ಸಮುದ್ರದ ದಂಡೆಯಲ್ಲಿ ಹುಳ ಹೆಕ್ಕುತ್ತವೆ. ಕಿರೀಟ ಟಿಟ್ಟಿಭ ಆ ಬಳಗದಲ್ಲೇ ಹುಟ್ಟಿ, ನೀರು ಬಿಟ್ಟು ಬಯಲು ಹಿಡಿದ ಹಕ್ಕಿ.

ಆದರೂ ಮನೆತನದ ಗುರುತು ಹೋಗಿಲ್ಲ. ಉದ್ದ ಕಾಲು, ದೊಡ್ಡ ಕಣ್ಣು, ತೆರೆದ ಜಾಗದಲ್ಲಿ ನಡೆದು ಮೇಯುವ ರೀತಿ ಎಲ್ಲ ಅದೇ. ಕೆಸರಿನ ಬಯಲಿಗೂ ಗಿಡ್ಡ ಹುಲ್ಲಿನ ಬಯಲಿಗೂ ಹಕ್ಕಿಯ ಕಣ್ಣಿನಲ್ಲಿ ಅಂಥ ಫರಕಿಲ್ಲ. ಎರಡೂ ಚಪ್ಪಟೆ. ಎರಡರಲ್ಲೂ ದೂರದವರೆಗೆ ಕಾಣುತ್ತದೆ.

ಆಫ್ರಿಕಾದಲ್ಲಿ ಎಲ್ಲೆಲ್ಲಿ ಸಿಗುತ್ತೆ?

ಪೂರ್ವದಲ್ಲಿ ಇಥಿಯೋಪಿಯಾ, ಸೊಮಾಲಿಯಾದಿಂದ ಶುರುವಾಗಿ ಕೀನ್ಯಾ, ತಾಂಜಾನಿಯಾ, ಜಾಂಬಿಯಾ, ಜಿಂಬಾಬ್ವೆ ದಾಟಿ ಬೋಟ್ಸ್‌ವಾನಾ, ನಮೀಬಿಯಾ, ದಕ್ಷಿಣ ಆಫ್ರಿಕಾದವರೆಗೆ. ಪಶ್ಚಿಮ ಆಫ್ರಿಕಾದಲ್ಲಿ ಇಲ್ಲ. ಕಾಂಗೋದ ದಟ್ಟ ಕಾಡಿನಲ್ಲಿ ಇಲ್ಲ.

ನಮ್ಮ ಕಡೆಯ ಪ್ರವಾಸಿಗರು ಹೋಗುವ ಜಾಗಗಳಲ್ಲಿ ಹೇಳುವುದಾದರೆ ಮಸಾಯಿ ಮಾರಾ, ಸೆರೆಂಗೆಟಿ, ಅಂಬೋಸೆಲಿ, ನೈರೋಬಿ ರಾಷ್ಟ್ರೀಯ ಉದ್ಯಾನ, ಕ್ರೂಗರ್, ಎಟೋಶಾ ಎಲ್ಲ ಕಡೆ ಇದೆ. ನೈರೋಬಿಯಲ್ಲಿ ಒಂದು ಬೆಳಗ್ಗೆ ಬಿಡುವು ಸಿಕ್ಕರೂ ಸಾಕು, ಊರಿನ ಪಕ್ಕದ ಆ ಉದ್ಯಾನದಲ್ಲೇ ನೋಡಬಹುದು.

ಗಂಡು ಯಾವುದು, ಹೆಣ್ಣು ಯಾವುದು?

ನೋಡಿ ಹೇಳುವುದು ಕಷ್ಟ. ಗಂಡು ಚೂರು ದೊಡ್ಡದು, ಅಷ್ಟೇ. ಇನ್ನೂ ಪೂರ್ತಿ ಬೆಳೆಯದ ಎಳೆ ಹಕ್ಕಿಯನ್ನು ಮಾತ್ರ ಗುರುತಿಸಬಹುದು. ಅದರ ಬೆನ್ನಿನ ಗರಿಗಳ ಅಂಚು ತಿಳಿ ಬಣ್ಣ, ಮೀನಿನ ಹುರುಪೆ ಜೋಡಿಸಿದ ಹಾಗೆ. ಕಾಲಿನ ಕೆಂಪೂ ಮಂಕು.

## ಅದರ ದಿನಚರಿ

ಓಡುತ್ತೆ, ಟಕ್ ಅಂತ ನಿಲ್ಲುತ್ತೆ, ಮತ್ತೆ ಓಡುತ್ತೆ. ಯಾಕೆ ಹಾಗೆ ಮಾಡುತ್ತೆ? ತಿನ್ನೋದಾದರೂ ಏನು?

ಅದು ಕಣ್ಣಿನಿಂದ ಬೇಟೆಯಾಡುವ ಹಕ್ಕಿ. ಉಲ್ಲಂಕಿಗಳ ಹಾಗೆ ಉದ್ದ ಕೊಕ್ಕನ್ನು ಕೆಸರಿಗೆ ಚುಚ್ಚಿ ಹುಡುಕುವುದಿಲ್ಲ. ನಾಲ್ಕು ಹೆಜ್ಜೆ ಓಡುತ್ತದೆ. ನಿಂತು ನೆಲ ನೋಡುತ್ತದೆ. ಹುಲ್ಲಿನ ಬುಡದಲ್ಲಿ ಏನಾದರೂ ಅಲುಗಿದರೆ ಬಗ್ಗಿ ಕುಕ್ಕುತ್ತದೆ. ಇಲ್ಲದಿದ್ದರೆ ಮತ್ತೆ ನಾಲ್ಕು ಹೆಜ್ಜೆ. ತಾನೇ ಓಡುತ್ತಿದ್ದರೆ ಸಣ್ಣ ಹುಳದ ಅಲುಗಾಟ ಕಾಣುವುದಿಲ್ಲ, ಅದಕ್ಕೇ ಆ ನಿಲ್ಲುವಿಕೆ.

ಜೀರುಂಡೆ, ಮಿಡತೆ, ಇರುವೆ ಎಲ್ಲ ತಿನ್ನುತ್ತದೆ. ಆದರೆ ಅದರ ನಿಜವಾದ ಊಟ ಗೆದ್ದಲು. ಸತ್ತ ಹಕ್ಕಿಗಳ ಹೊಟ್ಟೆಯನ್ನು ಪರೀಕ್ಷೆ ಮಾಡಿದವರಿಗೆ ಒಳಗೆ ಸಾಕಷ್ಟು ಮಣ್ಣೂ ಸಿಕ್ಕಿದೆ. ಗೆದ್ದಲು ನೆಲದ ಮೇಲೆ ಮಣ್ಣಿನ ಮುಚ್ಚಳ ಕಟ್ಟಿಕೊಂಡು ಓಡಾಡುತ್ತದಲ್ಲ, ಆ ಮುಚ್ಚಳ ಒಡೆದು ಒಳಗಿನ ಹುಳ ಎತ್ತುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ. ಆಫ್ರಿಕಾದ ಹುಲ್ಲುಗಾವಲಿನಲ್ಲಿ ಗೆದ್ದಲಿಗೆ ಬರ ಇಲ್ಲ. ಒಣ ಹುಲ್ಲನ್ನು ಗೆದ್ದಲು ತಿನ್ನುತ್ತದೆ, ಗೆದ್ದಲನ್ನು ಈ ಹಕ್ಕಿ ತಿನ್ನುತ್ತದೆ. ಬಿಸಿಲಿಗೆ ಬೆಂದು ಒಣಗಿದ ಬಯಲು ನಮಗೆ ಬರಿದಾಗಿ ಕಾಣುತ್ತದೆ. ಅಲ್ಲಿ ಅದಕ್ಕೆ ವರ್ಷಪೂರ್ತಿ ಊಟ ಇದೆ.

ಯಾಕಿಷ್ಟು ಕಿರುಚುತ್ತೆ? ರಾತ್ರಿನೂ ನಿದ್ದೆ ಮಾಡಲ್ವಾ?

ಬಯಲಲ್ಲಿ ಬಚ್ಚಿಟ್ಟುಕೊಳ್ಳಲು ಮರ ಇಲ್ಲ, ಪೊದೆ ಇಲ್ಲ. ಅಪಾಯವನ್ನು ದೂರದಿಂದಲೇ ನೋಡಬೇಕು, ನೋಡಿದ ತಕ್ಷಣ ಎಲ್ಲರಿಗೂ ಹೇಳಬೇಕು. ನರಿ ಬಂದರೂ ಕೂಗು, ಹದ್ದು ಬಂದರೂ ಕೂಗು, ನೀವು ನಡೆದು ಬಂದರೂ ಕೂಗು. "ಕ್ರೀ ಕ್ರೀ ಕ್ರೀಪ್" ಅನ್ನುವ ಒರಟು ದನಿ, ಒಂದು ಶುರು ಮಾಡಿದರೆ ಉಳಿದವು ಸೇರಿಕೊಳ್ಳುತ್ತವೆ. ಆ ಗದ್ದಲದಲ್ಲಿ ಕದ್ದು ಬೇಟೆಯಾಡುವ ಪ್ರಾಣಿಗೆ ಕೆಲಸವೇ ಕೆಡುತ್ತದೆ. ನಮ್ಮ ಕಾಡುಗಳಲ್ಲಿ ಕೆಂಪು ಟಿಟ್ಟಿಭ ಮಾಡುವುದೂ ಇದನ್ನೇ.

ರಾತ್ರಿಯ ಮಾತು ನಿಜ. ಬೆಳದಿಂಗಳಿದ್ದರೆ ಮೇಯುತ್ತಲೇ ಇರುತ್ತವೆ, ಹಾರುತ್ತಾ ಕೂಗುತ್ತಲೂ ಇರುತ್ತವೆ. ದೊಡ್ಡ ಕಣ್ಣು ಇರುವುದೇ ಅದಕ್ಕೆ. ಸಫಾರಿ ಟೆಂಟಿನಲ್ಲಿ ಮಲಗಿದವರು ನಡುರಾತ್ರಿ ಕೇಳಿದ ಚೀರಾಟದ ಬಗ್ಗೆ ನನ್ನನ್ನು ಕೇಳಿದ್ದಾರೆ. ತಿಂಗಳ ಬೆಳಕಿದ್ದ ರಾತ್ರಿಯಾಗಿದ್ದರೆ ಈ ಹಕ್ಕಿಯೇ ಇರಬಹುದು.

ಒಂಟಿಯಾಗಿರುತ್ತಾ, ಗುಂಪಲ್ಲಿರುತ್ತಾ?

ಮರಿ ಮಾಡುವ ಕಾಲದಲ್ಲಿ ಜೋಡಿ. ಉಳಿದ ಕಾಲದಲ್ಲಿ 10ರಿಂದ 40 ಹಕ್ಕಿಗಳ ಗುಂಪು ಸಾಮಾನ್ಯ, ಕೆಲವೊಮ್ಮೆ ಇನ್ನೂ ದೊಡ್ಡದು. ಸಂಜೆಯಾದರೆ ತಮಗೆ ರೂಢಿಯಾದ ಜಾಗಕ್ಕೆ ಒಟ್ಟಿಗೆ ಹೋಗಿ ರಾತ್ರಿ ಕಳೆಯುತ್ತವೆ.

ಗೂಡೇ ಕಟ್ಟಲ್ವಂತೆ, ಹೌದಾ? ಮೊಟ್ಟೆ ಹಾಗೇ ನೆಲದ ಮೇಲೆ?

ನೆಲದಲ್ಲಿ ಒಂದು ತಗ್ಗು ಮಾಡಿಕೊಳ್ಳುತ್ತದೆ. ಒಳಗೆ ಒಣ ಹುಲ್ಲಿನ ಚೂರು, ಸಣ್ಣ ಕಲ್ಲು, ಪ್ರಾಣಿಗಳ ಹಿಕ್ಕೆ ಹೀಗೆ ಸುತ್ತಮುತ್ತ ಸಿಕ್ಕಿದ್ದನ್ನು ಹಾಕುತ್ತದೆ. ಅಷ್ಟೇ ಗೂಡು. ಸುಮ್ನೆ ಸೋಮಾರಿತನ ಅಂತ ತಿಳಿಯಬೇಡಿ. ಬಯಲಲ್ಲಿ ಎದ್ದು ಕಾಣುವ ಗೂಡು ಕಟ್ಟಿದರೆ ಮೊಟ್ಟೆ ಒಂದು ದಿನವೂ ಉಳಿಯುವುದಿಲ್ಲ. ಕಂದು ಮೊಟ್ಟೆಯ ಮೇಲೆ ಕಪ್ಪು ಚುಕ್ಕೆ ಇರುತ್ತವೆ. ಹಿಕ್ಕೆ, ಕಲ್ಲುಗಳ ನಡುವೆ ಅದು ಮೊಟ್ಟೆ ಅಂತಲೇ ಗೊತ್ತಾಗುವುದಿಲ್ಲ.

ಸಾಮಾನ್ಯವಾಗಿ 3 ಮೊಟ್ಟೆ, ಕೆಲವೊಮ್ಮೆ 2 ಅಥವಾ 4. ಕಾವು 28ರಿಂದ 32 ದಿನ. ಇಲ್ಲಿ ಕಾವು ಅಂದರೆ ಬರೀ ಬಿಸಿ ಕೊಡುವುದಲ್ಲ. ನೆರಳಿಲ್ಲದ ನೆಲದಲ್ಲಿ ಮಧ್ಯಾಹ್ನದ ಬಿಸಿಲಿಗೆ ಮೊಟ್ಟೆ ಬೆಂದೇ ಹೋಗಬಹುದು. ಆಗ ಹಕ್ಕಿ ಮೊಟ್ಟೆಯ ಮೇಲೆ ನಿಂತು ತನ್ನ ಮೈಯನ್ನೇ ಕೊಡೆ ಮಾಡುತ್ತದೆ. ಬಿಸಿಲು ಜೋರಾದ ದಿನ ಗಂಡೂ ಈ ಕೆಲಸಕ್ಕೆ ಕೈಜೋಡಿಸುತ್ತದೆ. ಸುಡುವ ಬಯಲಲ್ಲಿ ರೆಕ್ಕೆ ಸ್ವಲ್ಪ ಇಳಿಬಿಟ್ಟು ಬಾಯಿ ತೆರೆದು ನಿಂತ ಹಕ್ಕಿ ಕಂಡರೆ ಅದರ ಕಾಲ ಕೆಳಗೆ ಮೊಟ್ಟೆ ಇರುವ ಸಾಧ್ಯತೆ ಜಾಸ್ತಿ.

ವರ್ಷದ ಯಾವ ತಿಂಗಳಲ್ಲಾದರೂ ಗೂಡು ಸಿಗಬಹುದು. ಆದರೆ ಹೆಚ್ಚಿನವು ಮಳೆ ಶುರುವಾಗುವ ಮೊದಲೇ ಮೊಟ್ಟೆ ಇಡುತ್ತವೆ. ದಕ್ಷಿಣ ಆಫ್ರಿಕಾದಲ್ಲಿ ಅದು ಜುಲೈನಿಂದ ಅಕ್ಟೋಬರ್ ಹೊತ್ತಿಗೆ. ಮಳೆ ಬಂದು ಹುಲ್ಲು ಎತ್ತರವಾದರೆ ಅದರ ಮನೆಯೇ ಮುಚ್ಚಿಹೋಗುತ್ತದೆ.

ಅಷ್ಟು ದೊಡ್ಡ ಪ್ರಾಣಿಗಳು ಓಡಾಡ್ತವಲ್ಲ, ಮೊಟ್ಟೆ ತುಳಿದುಬಿಡಲ್ವಾ?

ತುಳಿಯುವುದೂ ಉಂಟು. ಆದರೆ ಹಕ್ಕಿ ಸುಮ್ಮನೆ ಬಿಟ್ಟುಕೊಡುವುದಿಲ್ಲ. ಯಾರು ಬಂದರು ಅಂತ ನೋಡಿ ಅದಕ್ಕೆ ತಕ್ಕ ಹಾಗೆ ಎದುರಿಸುವುದು ಟಿಟ್ಟಿಭಗಳ ಬಳಗದ ಗುಣ. ಹುಲ್ಲು ಮೇಯುವ ಪ್ರಾಣಿಗೆ ಮೊಟ್ಟೆಯ ಆಸೆ ಇಲ್ಲ, ಅದಕ್ಕೆ ದಾರಿ ತಪ್ಪಿಸಿದರೆ ಸಾಕು. ಹಕ್ಕಿ ಗೂಡಿನ ಮುಂದೆ ರೆಕ್ಕೆ ಅಗಲಿಸಿ ನಿಂತು ಮುಖದ ಮೇಲೇ ಕೂಗುತ್ತದೆ. ಮೇಯುತ್ತಿದ್ದ ಪ್ರಾಣಿ ಬೆಚ್ಚಿ ಪಕ್ಕಕ್ಕೆ ತಿರುಗುತ್ತದೆ. 200 ಗ್ರಾಂ ತೂಗದ ಹಕ್ಕಿ!

ನರಿ, ಮುಂಗುಸಿ ಬಂದರೆ ಆಟ ಬೇರೆ. ಆಗ ಮೇಲಿಂದ ಎರಗುತ್ತದೆ. ತಲೆಯ ಹತ್ತಿರದವರೆಗೆ ಬಂದು, ಚೀರಿ, ಮೇಲೇರಿ, ಮತ್ತೆ ಎರಗುತ್ತದೆ. ಅಕ್ಕಪಕ್ಕದ ಜೋಡಿಗಳೂ ಬಂದು ಸೇರಿದರೆ ಕಳ್ಳನಿಗೆ ಅಲ್ಲಿ ನಿಲ್ಲುವುದೇ ಕಷ್ಟ. ಕೆಲವು ಕಡೆ ಜೋಡಿಗಳು ಒಂದಕ್ಕೊಂದು ಹತ್ತಿರದಲ್ಲೇ ಗೂಡು ಮಾಡುತ್ತವೆ. ಈ ನೆರೆಹೊರೆಯ ನೆರವು ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಮರಿಗಳಿಗೆ ಗುಟುಕು ಕೊಡುತ್ತಾ?

ಇಲ್ಲ. ಮರಿ ಮೊಟ್ಟೆಯಿಂದ ಬರುವಾಗಲೇ ಕಣ್ಣು ಬಿಟ್ಟಿರುತ್ತದೆ, ಮೈ ತುಂಬ ತುಪ್ಪಳ ಇರುತ್ತದೆ. ಕೋಳಿ ಮರಿಯ ಹಾಗೆ ಬೇಗನೆ ಗೂಡು ಬಿಟ್ಟು ತಾನೇ ಹೆಕ್ಕಿ ತಿನ್ನುತ್ತದೆ. ತಂದೆ ತಾಯಿಯ ಕೆಲಸ ಕಾವಲು. ಎಚ್ಚರಿಕೆಯ ಕೂಗು ಬಿತ್ತು ಅಂದರೆ ಮರಿ ಇದ್ದಲ್ಲೇ ನೆಲಕ್ಕೆ ಒತ್ತಿಕೊಂಡು ಕಲ್ಲಿನ ಹಾಗೆ ಬಿದ್ದಿರುತ್ತದೆ. ಹಾರಲು ಕಲಿತ ಮೇಲೂ ಎಷ್ಟೋ ದಿನ ಹೆತ್ತವರ ಜೊತೆಗೇ ಓಡಾಡುತ್ತದೆ.

## ಸ್ವಲ್ಪ ಆಳಕ್ಕೆ

ಬೆಂಕಿ ಬಿದ್ದು ಸುಟ್ಟುಹೋದ ಜಾಗಕ್ಕೇ ಹೋಗುತ್ತೆ ಅಂತಾರೆ. ನಿಜಾನಾ? ಅಲ್ಲಿ ಏನಿರುತ್ತೆ?

ನಿಜ. ಈ ಹಕ್ಕಿಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಇದೇ ಮುಖ್ಯ ಪ್ರಶ್ನೆ ಅಂತ ನನಗನ್ನಿಸುತ್ತದೆ.

ಹುಲ್ಲುಗಾವಲು ಅಂದರೆ ನಮ್ಮ ಕಣ್ಣಿಗೆ ಎತ್ತರದ ಹಸಿರು ಹುಲ್ಲು ಬರುತ್ತದೆ. ಕಿರೀಟ ಟಿಟ್ಟಿಭಕ್ಕೆ ಅದು ಬೇಡ. ಅದಕ್ಕೆ ಬೇಕಾದದ್ದು ಪಾದ ಮುಚ್ಚದಷ್ಟು ಗಿಡ್ಡ ಹುಲ್ಲು, ನಡುವೆ ಬರೀ ಮಣ್ಣು. ಹುಳ ಕಾಣಬೇಕು, ಓಡಲು ಅಡ್ಡಿ ಇರಬಾರದು, ಬರುವ ನರಿ ದೂರದಿಂದಲೇ ಕಾಣಬೇಕು. ಅಂಥ ಹುಲ್ಲು ತಾನಾಗಿ ಹಾಗೆ ಉಳಿಯುವುದಿಲ್ಲ. ಯಾರಾದರೂ ಅದನ್ನು ಗಿಡ್ಡವಾಗಿ ಇಡಬೇಕು.

ಆ ಕೆಲಸ ಮಾಡುವವರು ಬೇಕಾದಷ್ಟಿದ್ದಾರೆ. ಸೆರೆಂಗೆಟಿ, ಮಾರಾದಲ್ಲಿ ವೈಲ್ಡ್‌ಬೀಸ್ಟ್, ಜೀಬ್ರಾ ಹಿಂಡುಗಳು ಮೇಯ್ದು ಹೋದ ಮೇಲೆ ನೆಲ ಕ್ಷೌರ ಮಾಡಿದ ಹಾಗಿರುತ್ತದೆ. ದನಗಾಹಿಗಳ ಹಟ್ಟಿಯ ಸುತ್ತ ದನ, ಕುರಿ, ಮೇಕೆ ಅದೇ ಕೆಲಸ ಮಾಡುತ್ತವೆ. ಒಣಗಾಲದಲ್ಲಿ ಬೆಂಕಿ ಬರುತ್ತದೆ. ಸುಟ್ಟ ನೆಲದಲ್ಲಿ ಹುಲ್ಲಿನ ಮರೆ ಇಲ್ಲದ ಹುಳಗಳು ಸುಲಭವಾಗಿ ಕಾಣುತ್ತವೆ. ಕಪ್ಪು ನೆಲದಲ್ಲಿ ಚುಕ್ಕೆ ಮೊಟ್ಟೆ ಚೆನ್ನಾಗಿ ಮರೆಯಾಗುತ್ತದೆ.

ಹುಲ್ಲಿನ ಎತ್ತರ ನೋಡಿ ಹಕ್ಕಿ ಊರು ಬದಲಿಸುತ್ತದೆ. ಜಾಂಬಿಯಾ, ಜಿಂಬಾಬ್ವೆಯ ಮಳೆ ಹೆಚ್ಚಿರುವ ಭಾಗಗಳಲ್ಲಿ ಅದು ಕಾಣುವುದು ಮುಖ್ಯವಾಗಿ ಒಣಗಾಲದಲ್ಲಿ. ಬೋಟ್ಸ್‌ವಾನಾದ ಉತ್ತರದ ಒಣ ಸೀಮೆಯಲ್ಲಿ ಉಲ್ಟಾ. ಅಲ್ಲಿ ಒಳ್ಳೆ ಮಳೆ ಬಿದ್ದರೆ ಹಿಂಡುಹಿಂಡಾಗಿ ಬರುತ್ತವೆ. ಒಂದು ಕಡೆ ಮಳೆ ಅಂದರೆ ಮಿತಿಮೀರಿದ ಹುಲ್ಲು. ಇನ್ನೊಂದು ಕಡೆ ಮಳೆ ಅಂದರೆ ಹುಳಗಳ ಸುಗ್ಗಿ. ಎರಡು ಕಡೆಯೂ ಹಕ್ಕಿಯ ಲೆಕ್ಕ ಒಂದೇ: ಗಿಡ್ಡ ಹುಲ್ಲು, ಕಾಣುವ ಊಟ.

ಮನುಷ್ಯರಿಂದ ಇದಕ್ಕೆ ತೊಂದರೆ ಆಗ್ತಿದೆಯಾ? ಅಳಿವಿನ ಅಂಚಲ್ಲಿದೆಯಾ?

ಅಳಿವಿನ ಭಯ ಸದ್ಯಕ್ಕಿಲ್ಲ. ಎಷ್ಟೋ ಬಯಲ ಹಕ್ಕಿಗಳು ಕಡಿಮೆಯಾಗುತ್ತಿರುವಾಗ ಇದಕ್ಕೆ ಮನುಷ್ಯರಿಂದ ಅನುಕೂಲವೇ ಆಗಿದೆ. ದಕ್ಷಿಣ ಆಫ್ರಿಕಾದ ಊರುಗಳಲ್ಲಿ ಗಾಲ್ಫ್ ಮೈದಾನ, ಶಾಲೆಯ ಆಟದ ಬಯಲು, ವಿಮಾನ ನಿಲ್ದಾಣದ ರನ್‌ವೇ ಪಕ್ಕ ಎಲ್ಲ ಕಡೆ ಹುಲ್ಲು ಕತ್ತರಿಸಿ ಗಿಡ್ಡ ಇಡುತ್ತಾರಲ್ಲ. ವೈಲ್ಡ್‌ಬೀಸ್ಟ್ ಮಾಡುವ ಕೆಲಸ ಅಲ್ಲಿ ಯಂತ್ರ ಮಾಡುತ್ತದೆ. ಹಕ್ಕಿ ಬಂದು ನೆಲೆಸಿದೆ, ಜನರಿಗೆ ಹೆದರುವುದೂ ಇಲ್ಲ.

ಹಾಗಂತ ಎಲ್ಲ ಚೆನ್ನಾಗಿದೆ ಅಂತಲ್ಲ. ಊರಿನಲ್ಲಿ ನಾಯಿ, ಬೆಕ್ಕುಗಳ ಕಾಟ ಇದೆ. ರನ್‌ವೇ ಪಕ್ಕದ ಹಕ್ಕಿ ವಿಮಾನಕ್ಕೂ ಅಪಾಯ, ತನಗೂ ಅಪಾಯ. ಇನ್ನೂ ದೊಡ್ಡದು ಬಯಲು ಮುಚ್ಚಿಹೋಗುವ ಸಮಸ್ಯೆ. ನಮೀಬಿಯಾ, ಬೋಟ್ಸ್‌ವಾನಾ, ದಕ್ಷಿಣ ಆಫ್ರಿಕಾದಲ್ಲಿ ಬಹಳಷ್ಟು ಹುಲ್ಲುಗಾವಲಿಗೆ ಮುಳ್ಳಿನ ಪೊದೆ ನುಗ್ಗುತ್ತಿದೆ. ಪೊದೆ ಬೆಳೆದ ಕಡೆ ಈ ಹಕ್ಕಿ ಇರುವುದಿಲ್ಲ. ಬಯಲಿನಲ್ಲಿ ಮರ ನೆಡುವುದು ಯಾವಾಗಲೂ ಪುಣ್ಯದ ಕೆಲಸ ಅಂತ ನಂಬಿದವರಿಗೆ ಇದು ಕಷ್ಟದ ಮಾತು. ಆದರೂ ಹೇಳಲೇಬೇಕು. ನಮ್ಮಲ್ಲೂ ರಾಣೆಬೆನ್ನೂರಿನ ಕೃಷ್ಣಮೃಗದ ಬಯಲಿಗೆ ನೀಲಗಿರಿ ನೆಟ್ಟರು. ಎರಲಡ್ಡು ಹಕ್ಕಿ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಆ ಬಯಲಿನಿಂದ ಮರೆಯಾಯಿತು.

ಬೇರೆ ಟಿಟ್ಟಿಭಗಳೂ ಅಲ್ಲೇ ಇರ್ತವೆ. ಫೋಟೋ ನೋಡಿ ಗೊಂದಲ ಆಗುತ್ತೆ. ಹೇಗೆ ಬೇರ್ಪಡಿಸೋದು?

ಮೊದಲು ತಲೆ ನೋಡಿ. ಬಿಳಿ ಉಂಗುರ ಪೂರ್ತಿ ಇದೆಯಾ? ಇದ್ದರೆ ಕಿರೀಟ ಟಿಟ್ಟಿಭ, ಮುಗಿಯಿತು.

ನಿಜವಾಗಿ ತಪ್ಪುವುದು ಎರಡರ ಜೊತೆ: ಕಪ್ಪುರೆಕ್ಕೆ ಟಿಟ್ಟಿಭ ಮತ್ತು ಸೆನೆಗಲ್ ಟಿಟ್ಟಿಭ. ಎರಡೂ ಹುಲ್ಲುಗಾವಲಿನವೇ. ಎರಡಕ್ಕೂ ಬೂದು ತಲೆ, ಹಣೆಯ ಮೇಲೆ ಮಾತ್ರ ಬಿಳಿ ಮಚ್ಚೆ. ಕಪ್ಪುರೆಕ್ಕೆಯದರ ಮಚ್ಚೆ ದೊಡ್ಡದು, ಕಾಲು ಮಂಕು ಕೆಂಪು. ಸೆನೆಗಲ್‌ನ ಮಚ್ಚೆ ಚಿಕ್ಕದು, ಕಾಲು ಕಪ್ಪಗೆ. ದಕ್ಷಿಣ ಆಫ್ರಿಕಾದಲ್ಲಿ ಚಳಿಗಾಲದಲ್ಲಿ ಕಪ್ಪುರೆಕ್ಕೆಯವು ಕಿರೀಟದವುಗಳ ಗುಂಪಿಗೇ ಸೇರಿಕೊಳ್ಳುತ್ತವೆ. ಅಲ್ಲಿ ಒಂದೊಂದೇ ತಲೆ ನೋಡಬೇಕಾಗುತ್ತದೆ.

ಕಪ್ಪು, ಬಿಳಿ, ಬೂದು ಬಣ್ಣ ಎದ್ದು ಕಂಡರೆ ಅದು ಕಮ್ಮಾರ ಟಿಟ್ಟಿಭ. ಅಡಿಗಲ್ಲಿನ ಮೇಲೆ ಸುತ್ತಿಗೆ ಬಡಿದ ಹಾಗೆ "ಟಿಂಕ್ ಟಿಂಕ್" ಅನ್ನುತ್ತದೆ, ಹೆಸರು ಬಂದದ್ದೇ ಅದರಿಂದ. ಅದು ನೀರಿನ ಹತ್ತಿರದ್ದು. ಹಳದಿ ಕಾಲು, ಮುಖದಲ್ಲಿ ಹಳದಿ ಚರ್ಮ ಇದ್ದರೆ ಆಫ್ರಿಕಾದ ಜೋಲುಚರ್ಮದ ಟಿಟ್ಟಿಭ.

ಹಾರುವಾಗಿನ ಫೋಟೋ ಮಾತ್ರ ಇದ್ದರೆ ರೆಕ್ಕೆಯ ಅಡಿ ನೋಡಿ. ಕಿರೀಟದ್ದಕ್ಕೆ ರೆಕ್ಕೆಯ ಒಳಭಾಗ ಬಿಳಿ, ಹಾರುಗರಿಗಳು ಕಪ್ಪು. ಬಿಳಿ ಬಾಲದ ತುದಿಯ ಹತ್ತಿರ ಒಂದು ಕಪ್ಪು ಪಟ್ಟಿ.

ನಮ್ಮ ಟಿಟ್ಟಿಭಕ್ಕೂ ಇದಕ್ಕೂ ಏನು ಸಂಬಂಧ?

ಎಲ್ಲ ವೆನೆಲ್ಲಸ್ ಕುಲವೇ, ದಾಯಾದಿಗಳು. ಇನ್ನೊಂದು ನಂಟು ಕಾಗದದ್ದು. 1783ರಲ್ಲಿ ಡಚ್ ವೈದ್ಯ ಪೀಟರ್ ಬೊಡ್ಡಾರ್ಟ್ ಫ್ರಾನ್ಸಿನಲ್ಲಿ ಅಚ್ಚಾದ ಹಕ್ಕಿಗಳ ಬಣ್ಣದ ಚಿತ್ರಗಳಿಗೆ ಲ್ಯಾಟಿನ್ ಹೆಸರುಗಳ ಪಟ್ಟಿ ಮಾಡಿದ. ಆಫ್ರಿಕಾದ ಕಿರೀಟ ಟಿಟ್ಟಿಭ, ನಮ್ಮ ಕೆಂಪು ಟಿಟ್ಟಿಭ, ನಮ್ಮ ಹಳದಿ ಟಿಟ್ಟಿಭ ಮೂರಕ್ಕೂ ಅದೇ ವರ್ಷ ಅವನಿಂದಲೇ ಹೆಸರು ಬಂತು. ಕೇಪ್ ಆಫ್ ಗುಡ್ ಹೋಪ್, ಗೋವಾ, ಮಲಬಾರ್‌ಗಳ ಹಕ್ಕಿಗಳು ಒಂದೇ ಪಟ್ಟಿಯಲ್ಲಿ ಕೂತವು.

ಬದುಕಿನ ರೀತಿ ನೋಡಿದರೆ ಕೆಂಪಿಗಿಂತ ಹಳದಿ ಟಿಟ್ಟಿಭವೇ ಇದಕ್ಕೆ ಹತ್ತಿರ. ಕೆಂಪು ಟಿಟ್ಟಿಭಕ್ಕೆ ಕೆರೆ, ಗದ್ದೆ ಬೇಕು. ಹಳದಿಯದು ಒಣ ಬಯಲಿನ ಹಕ್ಕಿ. ಚಿತ್ರದುರ್ಗ, ತುಮಕೂರು ಕಡೆಯ ಅಮೃತ್ ಮಹಲ್ ಕಾವಲುಗಳಂಥ ಜಾಗ ಅದಕ್ಕೆ ಹೇಳಿ ಮಾಡಿಸಿದ್ದು. ಕುರಿ ಮೇಯ್ದ ಗಿಡ್ಡ ಹುಲ್ಲು, ಕಲ್ಲು ಚೂರು, ಬಿಸಿಲು. ಕಿರೀಟ ಟಿಟ್ಟಿಭ ಅಲ್ಲಿಗೆ ಬಂದರೂ ಅದಕ್ಕೆ ಹೊಸ ಜಾಗ ಅನ್ನಿಸಲಿಕ್ಕಿಲ್ಲ.

ಸೊಮಾಲಿಯಾದಿಂದ ಕೇಪ್‌ವರೆಗೂ ಒಂದೇ ಥರ ಇರುತ್ತಾ?

ಬಹುಮಟ್ಟಿಗೆ ಹೌದು. ಮೂರು ಉಪಜಾತಿ ಮಾಡಿದ್ದಾರೆ. ಹೆಚ್ಚಿನ ಕಡೆ ಇರುವುದು ಮೂಲದ್ದೇ. ಸೊಮಾಲಿಯಾದ್ದು ಒಂದು. ನಮೀಬಿಯಾ, ಬೋಟ್ಸ್‌ವಾನಾ ಸೀಮೆಯದು ಇನ್ನೊಂದು. ಅದಕ್ಕೆ ಕ್ಸೀರೊಫಿಲಸ್, ಅಂದರೆ ಒಣ ನೆಲ ಮೆಚ್ಚಿದ್ದು ಅಂತ ಹೆಸರು. ಬಣ್ಣದ ಫರಕು ಸಣ್ಣದು, ಬಯಲಲ್ಲಿ ನೋಡಿ ಹೇಳುವಂಥದ್ದಲ್ಲ.

ಈ ವರ್ಷ ಹೋಗ್ತಿದ್ದೀನಿ. ಒಳ್ಳೆ ಫೋಟೋ ಬೇಕು. ಏನು ಮಾಡ್ಲಿ?

ಹುಡುಕಿಕೊಂಡು ಹೋಗಬೇಕಿಲ್ಲ. ಸಿಂಹಕ್ಕಾಗಿ ಗಾಡಿ ನಿಂತಾಗ ಪಕ್ಕದ ಗಿಡ್ಡ ಹುಲ್ಲು ನೋಡಿ, ಅಲ್ಲೇ ಇರುತ್ತದೆ. ಗಾಡಿಯೊಳಗೇ ಕೂತಿರಿ, ಗಾಡಿಗೆ ಅದು ಅಷ್ಟಾಗಿ ಹೆದರುವುದಿಲ್ಲ. ಬೆಳಗಿನ ಓರೆ ಬಿಸಿಲಲ್ಲಿ ಹಳದಿ ಕಣ್ಣು, ಕೆಂಪು ಕಾಲು ಹೊಳೆಯುತ್ತವೆ. ಕ್ಯಾಮೆರಾವನ್ನು ಕಿಟಕಿಯ ಅಂಚಿಗೆ ಆನಿಸಿ, ಆದಷ್ಟು ಕೆಳಗಿನಿಂದ ತೆಗೆಯಿರಿ.

ಕ್ಯಾಂಪಿನ ಹುಲ್ಲಿನಲ್ಲಿ ನಡೆಯುವಾಗ ಹಕ್ಕಿ ತಲೆಯ ಮೇಲೆ ಎರಗಲು ಶುರು ಮಾಡಿದರೆ ಅಲ್ಲೇ ನಿಲ್ಲಿ. ಹತ್ತಿರದಲ್ಲಿ ಮೊಟ್ಟೆ ಅಥವಾ ಮರಿ ಇದೆ, ಒಂದು ಹೆಜ್ಜೆ ತಪ್ಪಿದರೂ ತುಳಿಯುತ್ತೀರಿ. ನೆಲ ನೋಡಿಕೊಂಡು ಬಂದ ದಾರಿಯಲ್ಲೇ ನಿಧಾನವಾಗಿ ಹಿಂದೆ ಬನ್ನಿ. ಗೂಡಿನ ಹತ್ತಿರ ಫೋಟೋಕ್ಕೆ ಅಂತ ಕಾಯಬೇಡಿ. ನೀವು ಅಲ್ಲಿರುವಷ್ಟು ಹೊತ್ತು ಹಕ್ಕಿ ಮೊಟ್ಟೆಗೆ ನೆರಳು ಕೊಡಲು ವಾಪಸ್ ಬರುವುದಿಲ್ಲ.